ರಾತ್ರಿ ನಾಯಿ ಬಿಡಬೇಡಿ: ನ್ಯೂಜಿಲೆಂಡಿನ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ

ನ್ಯೂಜಿಲೆಂಡಿನ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ,
ಮನೆಯಲ್ಲಿ ನಾಯಿ ಸಾಕಿರುವ ಎಲ್ಲ ಕನ್ನಡ ಕುಟುಂಬಗಳಿಗೆ,

ಮಾನ್ಯರೇ, ನಮಸ್ಕಾರ.

ಡಿಸೆಂಬರ್ ರಜೆ ಬರುತ್ತಿದೆ. ಆಕ್ಲೆಂಡ್, ಹ್ಯಾಮಿಲ್ಟನ್ ಕಡೆಯ ನಮ್ಮ ಎಷ್ಟೋ ಕುಟುಂಬಗಳು ದೇಶದ ಉತ್ತರ ತುದಿಯ ನಾರ್ತ್‌ಲ್ಯಾಂಡಿಗೆ, ಕೋರಮಾಂಡಲ್‌ಗೆ ಹೊರಡುತ್ತವೆ. ನಾಲ್ಕು ಮನೆಯವರು ಸೇರಿ ಸಮುದ್ರದ ಹತ್ತಿರ ಒಂದು ಮನೆ ಬಾಡಿಗೆಗೆ ಹಿಡಿಯುತ್ತೀರಿ. ಕುಕ್ಕರ್, ಅಕ್ಕಿ, ಸಾರಿನ ಪುಡಿ ಎಲ್ಲ ಕಾರಿಗೆ ಏರುತ್ತದೆ. ಜೊತೆಗೆ ಮನೆಯ ನಾಯಿಯೂ ಬರುತ್ತದೆ. ಬಿಟ್ಟು ಬರಲು ಮಕ್ಕಳು ಒಪ್ಪುವುದಿಲ್ಲ, ಅಲ್ವಾ? ಆ ನಾಯಿಯ ವಿಷಯ ಮಾತಾಡಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಇರುವುದು ನಾರ್ತ್‌ಲ್ಯಾಂಡಿನಲ್ಲಿ. ನಮ್ಮ ಮನೆಯ ಹಿಂದಿನ ಕಾಡಿನಲ್ಲಿ ಕೀವಿ ಹಕ್ಕಿಗಳಿವೆ. ಇಲ್ಲಿನ ರೈತರು, ನಿವೃತ್ತರು, ಈ ನಾಡಿನ ಮೂಲನಿವಾಸಿಗಳಾದ ಮಾವೋರಿ ಕುಟುಂಬದವರು ಸೇರಿ ಕಟ್ಟಿಕೊಂಡ ಒಂದು ಗುಂಪು ಅವುಗಳನ್ನು ಕಾಯುತ್ತದೆ. ನಾನೂ ಅದರಲ್ಲಿ ಒಬ್ಬಳು. ಸ್ಟೋಟ್‌ಗಳನ್ನು (ಮುಂಗುಸಿಯಂಥ ಸಣ್ಣ ಬೇಟೆ ಪ್ರಾಣಿ) ಹಿಡಿಯುವ ಬೋನುಗಳನ್ನು ನೋಡಿಕೊಳ್ಳುತ್ತೇವೆ. ಪ್ರತಿ ವರ್ಷ ಮೇ, ಜೂನ್ ತಿಂಗಳ ಕತ್ತಲ ರಾತ್ರಿಗಳಲ್ಲಿ ಗುಡ್ಡದ ಮೇಲೆ ಕೂತು ಕೀವಿಗಳ ಕೂಗು ಎಣಿಸುತ್ತೇವೆ. ಗಂಡಿನದು ಚೂಪಾದ ಸಿಳ್ಳೆ, ಒಂದರ ಹಿಂದೆ ಒಂದು ಏರುತ್ತಾ ಹೋಗುತ್ತದೆ. ಹೆಣ್ಣಿನದು ಒರಟು ದನಿ. ಹೋದ ವರ್ಷ ಹತ್ತು ಕೂಗು ಕೇಳಿದ ಜಾಗದಲ್ಲಿ ಈ ವರ್ಷ ಎರಡೇ ಕೇಳಿದರೆ ಅಲ್ಲಿ ಏನೋ ಆಗಿದೆ ಎಂದು ಅರ್ಥ. ಬಹಳ ಸಲ ಆ ‘ಏನೋ’ ನಾಯಿಯೇ ಆಗಿರುತ್ತದೆ.

ಕಳೆದ ಬೇಸಿಗೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ. ಹೊಸ ವರ್ಷದ ಸಮಯ. ನಮ್ಮ ರಸ್ತೆಯ ಕೊನೆಯ ಬಾಡಿಗೆ ಮನೆಗೆ ಕೆಲವು ಕನ್ನಡ ಕುಟುಂಬಗಳು ಬಂದಿದ್ದವು. ಕನ್ನಡ ಕಿವಿಗೆ ಬಿದ್ದ ಖುಷಿಗೆ ನಾನೇ ಹೋಗಿ ಮಾತಾಡಿಸಿದೆ. ಊಟಕ್ಕೆ ಕೂರಿಸಿದರು. ಒಳ್ಳೆಯ ಜನ. ಊಟ ಮುಗಿದ ಮೇಲೆ ಅವರ ಎರಡು ನಾಯಿಗಳನ್ನು ಹಿತ್ತಲಿಗೆ ಬಿಟ್ಟರು. ಹಿತ್ತಲಿಗೆ ಬೇಲಿ ಇರಲಿಲ್ಲ, ಅದರಾಚೆ ಕಾಡು. ‘ಇಲ್ಲಿ ಕೀವಿ ಓಡಾಡುತ್ತವೆ, ದಯವಿಟ್ಟು ಕಟ್ಟಿಹಾಕಿ’ ಎಂದೆ. ‘ಅಯ್ಯೋ ಅಕ್ಕಾ, ನಮ್ಮವು ಪಾಪದ ನಾಯಿಗಳು, ಬೆಕ್ಕಿಗೂ ಹೆದರುತ್ತವೆ’ ಎಂದು ನಕ್ಕರು. ನಾಯಿಗಳು ಕತ್ತಲಲ್ಲಿ ಕಾಣದಾಗಿ, ಸುಮಾರು ಹೊತ್ತಿನ ಮೇಲೆ ವಾಪಸ್ ಬಂದವು.

ಅದೇ ವಾರ ನಮ್ಮ ಗುಂಪಿನ ರಿಸೀವರ್‌ನಲ್ಲಿ ಒಂದು ಕೀವಿಯ ಸಿಗ್ನಲ್ ಬದಲಾಯಿತು. ಕೆಲವು ಗಂಡು ಹಕ್ಕಿಗಳ ಕಾಲಿಗೆ ಸಣ್ಣ ಟ್ರಾನ್ಸ್‌ಮಿಟರ್ ಕಟ್ಟಿರುತ್ತಾರೆ. ಹಕ್ಕಿ ಒಂದು ದಿನ ಪೂರ್ತಿ ಅಲುಗಾಡದಿದ್ದರೆ ಅದರ ಬೀಪ್ ಬೇಗ ಬೇಗ ಬರತೊಡಗುತ್ತದೆ. ಹಾಗೆ ಬಂತು ಎಂದರೆ ಹಕ್ಕಿ ಸತ್ತಿದೆ ಎಂದೇ ಲೆಕ್ಕ. ಹುಡುಕಿಕೊಂಡು ಹೋದೆವು. ಜರೀಗಿಡಗಳ ಕೆಳಗೆ ಬಿದ್ದಿತ್ತು. ಮೈಮೇಲೆ ದೊಡ್ಡ ಗಾಯ ಇರಲಿಲ್ಲ, ಪಕ್ಕದಲ್ಲಿ ಒಂದಿಷ್ಟು ಪುಕ್ಕ ಕಿತ್ತು ಬಿದ್ದಿತ್ತು. ಪಶುವೈದ್ಯರು ಕೊಯ್ದು ನೋಡಿದಾಗ ಒಳಗೆ ಎದೆಗೂಡು ಪುಡಿಯಾಗಿತ್ತು. ನಾಯಿ ಕಚ್ಚಿದ್ದು ಎಂದು ವರದಿ ಬಂತು. ಆ ಮನೆಯ ನಾಯಿಗಳೇ ಕಚ್ಚಿದವು ಎಂದು ನಾನು ಹೇಳುತ್ತಿಲ್ಲ. ಆ ವಾರ ನಮ್ಮ ರಸ್ತೆಯಲ್ಲಿ ಬೇರೆಯವರ ನಾಯಿಗಳೂ ಬೇಕಾದಷ್ಟಿದ್ದವು, ಅವನ್ನೂ ಹಾಗೇ ಬಿಟ್ಟಿದ್ದರು. ಆ ಗಂಡು ಹಕ್ಕಿ ಕಾವಿಗೆ ಕೂತಿತ್ತು. ಬಿಲದಲ್ಲಿ ಎರಡು ಮೊಟ್ಟೆಗಳು ತಣ್ಣಗಾಗಿ ಹಾಳಾಗಿದ್ದವು.

‘ಪಾಪದ ನಾಯಿ’ ಎನ್ನುವ ಮಾತು ಸುಳ್ಳು ಎಂದು ನಾನು ವಾದ ಮಾಡುವುದಿಲ್ಲ. ನಾಯಿ ನಿಜಕ್ಕೂ ಪಾಪದ್ದೇ ಇರಬಹುದು. ನಮ್ಮ ಮನೆಯಲ್ಲೂ ಒಂದಿದೆ, ಅದರ ಮೇಲೆ ಜೀವ ಇಟ್ಟಿದ್ದೇವೆ. ತೊಂದರೆ ಇರುವುದು ಕೀವಿಯ ಮೈಕಟ್ಟಿನಲ್ಲಿ. ಹಾರುವ ಹಕ್ಕಿಗಳ ಎದೆಯ ನಡುವೆ ಎದ್ದು ನಿಂತ ಒಂದು ಮೂಳೆ ಇರುತ್ತದೆ. ಕೋಳಿ ಕತ್ತರಿಸಿದವರಿಗೆ ಅದು ಗೊತ್ತಿರುತ್ತದೆ. ರೆಕ್ಕೆ ಬಡಿಯುವ ದಪ್ಪ ಮಾಂಸಖಂಡಗಳು ಅದಕ್ಕೇ ಅಂಟಿಕೊಂಡಿರುತ್ತವೆ. ಕೀವಿಗೆ ಆ ಮೂಳೆಯೇ ಇಲ್ಲ, ಆ ಮಾಂಸಖಂಡವೂ ಇಲ್ಲ. ಅದರ ರೆಕ್ಕೆ ಸುಮಾರು 3 ಸೆಂಟಿಮೀಟರ್ ಉದ್ದ, ಪುಕ್ಕದೊಳಗೆ ಕೈಯಾಡಿಸಿ ಹುಡುಕಬೇಕು. ಹಾಗಾಗಿ ಎದೆಗೆ ರಕ್ಷಣೆಯೇ ಇಲ್ಲ. ನಾಯಿ ಕೊಲ್ಲಬೇಕು ಅಂತ ಕಚ್ಚಬೇಕಿಲ್ಲ. ಚೆಂಡು ತಂದುಕೊಟ್ಟ ಹಾಗೆ ಮೆತ್ತಗೆ ಬಾಯಲ್ಲಿ ಹಿಡಿದು ನಿಮ್ಮ ಕಾಲ ಬಳಿ ತಂದಿಟ್ಟರೂ ಸಾಕು, ಒಳಗೆ ಎಲ್ಲ ನಜ್ಜುಗುಜ್ಜಾಗಿರುತ್ತದೆ. ಆಟಕ್ಕೆ ಹಿಡಿದ ನಾಯಿಗೂ ಬೇಟೆಗೆ ಹಿಡಿದ ನಾಯಿಗೂ ಇಲ್ಲಿ ವ್ಯತ್ಯಾಸ ಇಲ್ಲ.

ಹಕ್ಕಿ ಓಡಿಹೋಗಬಹುದಲ್ಲ ಎಂದು ಕೇಳುತ್ತೀರಿ. ಕೀವಿ ಜೋರಾಗಿಯೇ ಓಡುತ್ತದೆ. ಗಟ್ಟಿ ಕಾಲು, ಚೂಪು ಉಗುರು, ತನ್ನ ಜಾಗಕ್ಕಾಗಿ ಇನ್ನೊಂದು ಕೀವಿಯ ಜೊತೆ ಭರ್ಜರಿ ಜಗಳವನ್ನೂ ಮಾಡುತ್ತದೆ. ಆದರೆ ಈ ದ್ವೀಪಗಳಲ್ಲಿ ಮನುಷ್ಯರು ಬರುವ ಮೊದಲು ನೆಲದ ಮೇಲೆ ಮೂಸಿಕೊಂಡು ಬೇಟೆಯಾಡುವ ಪ್ರಾಣಿಯೇ ಇರಲಿಲ್ಲ. ಬಾವಲಿ ಬಿಟ್ಟರೆ ಭೂಮಿಯ ಮೇಲಿನ ಸಸ್ತನಿಗಳೇ ಇರಲಿಲ್ಲ. ಕೀವಿಯ ಶತ್ರುಗಳು ಮೇಲಿನಿಂದ ಕಣ್ಣಿಟ್ಟು ಎರಗುವ ಹಕ್ಕಿಗಳು. ಅವುಗಳಿಂದ ತಪ್ಪಿಸಿಕೊಳ್ಳಲು ಕಂದು ಬಣ್ಣ, ಕತ್ತಲು, ಅಲುಗದೆ ನಿಲ್ಲುವುದು, ಇಷ್ಟು ಸಾಕಾಗಿತ್ತು. ನಾಯಿ ಹುಡುಕುವುದು ಮೂಗಿನಿಂದ. ಕೀವಿಯ ಮೈಗೆ ನಾಯಿಯನ್ನು ಸೆಳೆಯುವ ಗಾಢವಾದ ವಾಸನೆ ಇದೆ. ಒಮ್ಮೆ ಆ ಜಾಡು ಹಿಡಿದ ನಾಯಿ ಕರೆದರೂ ತಿರುಗಿ ನೋಡುವುದಿಲ್ಲ.

ಕೀವಿಯೂ ಬದುಕುವುದು ಮೂಗಿನಿಂದಲೇ. ಉದ್ದ ಕೊಕ್ಕಿನ ತುದಿಯಲ್ಲೇ ಮೂಗಿನ ಹೊಳ್ಳೆ ಇರುವ ಹಕ್ಕಿ ಇದೊಂದೇ. ರಾತ್ರಿಯೆಲ್ಲ ತರಗೆಲೆ ಕೆದಕುತ್ತಾ, ನೆಲಕ್ಕೆ ಕೊಕ್ಕು ಚುಚ್ಚಿ ಎರೆಹುಳ, ಮಣ್ಣಿನ ಹುಳುಗಳನ್ನು ಹುಡುಕುತ್ತದೆ. ಕೊಕ್ಕಿನ ತುದಿ ಮಣ್ಣಿನೊಳಗಿನ ಅಲುಗಾಟವನ್ನೂ ಗುರುತಿಸುತ್ತದೆ. ಮೂಸುವಾಗ ಹೊಳ್ಳೆಗೆ ಹೋದ ಮಣ್ಣನ್ನು ‘ಫುಸ್’ ಎಂದು ಊದುತ್ತದೆ. ಕಾಡಿನಲ್ಲಿ ಹತ್ತಿರದಲ್ಲೇ ಆ ಸದ್ದು ಕೇಳಿಸಿಕೊಂಡವರಿಗೆ ನಾನು ಇಷ್ಟು ಉದ್ದ ಪತ್ರ ಬರೆಯಬೇಕಾಗಿಯೇ ಇರಲಿಲ್ಲ. ಬೆಳಗಾದರೆ ಬಿಲ, ಪೊಟರೆ, ದಟ್ಟ ಪೊದೆ, ಎಲ್ಲಿ ಸಿಕ್ಕಿತೋ ಅಲ್ಲಿ ಮಲಗುತ್ತದೆ. ಆದ್ದರಿಂದ ‘ಹಗಲು ಹೊತ್ತು ಬಿಟ್ಟರೆ ಏನಾಗುತ್ತೆ, ಅದು ರಾತ್ರಿ ಹಕ್ಕಿ ತಾನೆ’ ಎನ್ನುವುದೂ ತಪ್ಪು ಲೆಕ್ಕ. ಮಲಗಿದ ಹಕ್ಕಿಯನ್ನು ಪೊದೆಯಿಂದ ಎಳೆಯುವುದು ನಾಯಿಗೆ ಇನ್ನೂ ಸುಲಭ.

ಒಂದು ನಾಯಿ ಎಷ್ಟು ಹಾನಿ ಮಾಡಬಲ್ಲದು ಎನ್ನುವುದಕ್ಕೆ ನಾರ್ತ್‌ಲ್ಯಾಂಡಿನಲ್ಲೇ ದಾಖಲೆ ಇದೆ. 1987ರಲ್ಲಿ ವೈಟಾಂಗಿ ಕಾಡಿನಲ್ಲಿ ಕೀವಿಗಳ ಅಧ್ಯಯನ ನಡೆಯುತ್ತಿತ್ತು. 24 ಹಕ್ಕಿಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿದ್ದರು. ಆಗಸ್ಟ್ ಕೊನೆಯಿಂದ ಒಂದೊಂದೇ ಸಾಯತೊಡಗಿದವು. ಸುಮಾರು ಆರು ವಾರದಲ್ಲಿ ಆ 24ರಲ್ಲಿ 13 ಸತ್ತಿದ್ದವು. ಕೊನೆಗೆ ಸಿಕ್ಕಿದ್ದು ಒಂದೇ ಒಂದು ಜರ್ಮನ್ ಶೆಫರ್ಡ್ ಹೆಣ್ಣು ನಾಯಿ. ಅದರ ಕೊರಳಲ್ಲಿ ಪಟ್ಟಿ ಇತ್ತು. ಅಂದರೆ ಯಾರೋ ಸಾಕಿದ್ದು, ಯಾರೋ ಊಟ ಹಾಕಿದ್ದು. ಅದನ್ನು ಗುಂಡಿಟ್ಟು ಕೊಂದ ಮೇಲೆ ಸಾವು ನಿಂತಿತು. ಆ ಕಾಡಿನಲ್ಲಿ ಸುಮಾರು 900 ಕೀವಿಗಳಿದ್ದವು, ಅವುಗಳಲ್ಲಿ 500ರಷ್ಟನ್ನು ಆ ಒಂದು ನಾಯಿ ಕೊಂದಿರಬೇಕು ಎಂದು ವಿಜ್ಞಾನಿಗಳು ಅಂದಾಜು ಮಾಡಿದರು. ಟ್ರಾನ್ಸ್‌ಮಿಟರ್ ಇಲ್ಲದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಾತ್ರಿ ಕಾಡೊಳಗೆ ಸತ್ತ ಹಕ್ಕಿಯನ್ನು ಯಾರು ಹುಡುಕುತ್ತಾರೆ?

ಕೆಲವರು ನನಗೆ ಹೇಳಿದ್ದಾರೆ: ‘ಸ್ಟೋಟ್ ಕೊಲ್ಲುವುದೇ ಜಾಸ್ತಿ, ನೀವು ನಾಯಿಗಳನ್ನೇ ಯಾಕೆ ಹಿಡಿದುಕೊಂಡಿದ್ದೀರಿ?’ ನ್ಯಾಯವಾದ ಪ್ರಶ್ನೆ. ಮೊಲಗಳನ್ನು ಕಡಿಮೆ ಮಾಡಲೆಂದು 1880ರ ದಶಕದಲ್ಲಿ ಇಂಗ್ಲೆಂಡಿನಿಂದ ತಂದು ಬಿಟ್ಟ ಪ್ರಾಣಿ ಸ್ಟೋಟ್. ಅದು ಮರಿಗಳನ್ನು ಕೊಲ್ಲುತ್ತದೆ. ಯಾರೂ ಕಾಯದ ಕಾಡಿನಲ್ಲಿ ಹುಟ್ಟಿದ 100 ಮರಿಗಳಲ್ಲಿ ಸುಮಾರು 5 ಮಾತ್ರ ದೊಡ್ಡವಾಗುತ್ತವೆ. ಕೀವಿ ಮರಿಗೆ ತಂದೆತಾಯಿ ಗುಟುಕು ಕೊಡುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯ ಮೇಲೆ ಮೊದಲ ಕೆಲವು ದಿನ ಬದುಕಿ, ಆಮೇಲೆ ತಾನೇ ಆಹಾರ ಹುಡುಕಲು ಹೊರಡುತ್ತದೆ. ಸುಮಾರು ಒಂದು ಕಿಲೋ ತೂಕ ಬಂದರೆ ಸ್ಟೋಟ್ ಅನ್ನು ಎದುರಿಸಬಲ್ಲದು. ಅದಕ್ಕೇ ನಾವು ಬೋನು ಇಡುವುದು. 1990ರ ದಶಕದಿಂದ ಕೆಲವು ಕಡೆ ಮೊಟ್ಟೆಗಳನ್ನೇ ತೆಗೆದುಕೊಂಡು ಹೋಗಿ, ಯಂತ್ರದಲ್ಲಿ ಕಾವು ಕೊಟ್ಟು, ಮರಿ ದೊಡ್ಡದಾದ ಮೇಲೆ ಕಾಡಿಗೆ ಬಿಡುತ್ತಿದ್ದಾರೆ. ಎಷ್ಟು ಜನರ ಎಷ್ಟು ವರ್ಷದ ಕೆಲಸ ಅದು!

ಆದರೆ ಒಂದು ಕಿಲೋ ದಾಟಿದ, ಎರಡು ಕಿಲೋ, ಮೂರು ಕಿಲೋ ತೂಗುವ ದೊಡ್ಡ ಹಕ್ಕಿಯನ್ನು ನಾಯಿ ಕೊಲ್ಲುತ್ತದೆ. ಮೊಟ್ಟೆ ಇಡುವ ಹೆಣ್ಣನ್ನು ಕೊಲ್ಲುತ್ತದೆ. ಅವಳ ಮೊಟ್ಟೆ ಅವಳ ತೂಕದ ಐದನೇ ಒಂದು ಪಾಲಿನಷ್ಟಿರುತ್ತದೆ. ಒಂದು ಸಲಕ್ಕೆ ಒಂದೋ ಎರಡೋ ಅಷ್ಟೇ. ಇಲ್ಲಿನ ಕಂದು ಕೀವಿಗಳಲ್ಲಿ ಕಾವು ಕೊಡುವುದು ಗಂಡು, ಎರಡೂವರೆ ತಿಂಗಳಿಗೂ ಜಾಸ್ತಿ. ಇಷ್ಟು ನಿಧಾನವಾಗಿ ಮರಿ ಮಾಡುವ ಹಕ್ಕಿ ಉಳಿಯುವುದು ಬಹಳ ವರ್ಷ ಬದುಕುವುದರಿಂದ ಮಾತ್ರ. ಕೀವಿಗಳು 30, 40 ವರ್ಷ, ಅದಕ್ಕೂ ಹೆಚ್ಚು ಬದುಕಬಲ್ಲವು. ನಾರ್ತ್‌ಲ್ಯಾಂಡಿನಲ್ಲಿ ಅವುಗಳ ಸರಾಸರಿ ಆಯಸ್ಸು ಬರೀ 13-14 ವರ್ಷ. ಮುಖ್ಯ ಕಾರಣ ನಾಯಿ ಎಂದು ಇಲ್ಲಿನ ಸಂರಕ್ಷಣಾ ಇಲಾಖೆಯೇ ಹೇಳುತ್ತದೆ. ಬೋನು ಇಟ್ಟು ಉಳಿಸಿದ ಮರಿ ದೊಡ್ಡದಾಗಿ, ಜೋಡಿ ಕಟ್ಟಿ, ಮೊಟ್ಟೆ ಇಡುವ ವಯಸ್ಸಿನಲ್ಲಿ ಯಾರದೋ ರಜೆಯ ಒಂದು ರಾತ್ರಿ ಸತ್ತುಹೋದರೆ ಆ ಸಿಟ್ಟನ್ನು ನಾನು ಹೇಗೆ ಬರೆಯಲಿ? ಇಡೀ ದೇಶದಲ್ಲಿ ಉಳಿದಿರುವ ಕೀವಿಗಳು ಸುಮಾರು 70,000. ಯಾರೂ ಕಾಯದ ಕಡೆಗಳಲ್ಲಿ ವರ್ಷಕ್ಕೆ ಶೇಕಡ 2ರಷ್ಟು ಕಡಿಮೆಯಾಗುತ್ತಿವೆ.

ಇನ್ನು ನಮ್ಮ ರೂಢಿಯ ಮಾತು. ನಾನು ಮಲೆನಾಡಿನವಳು. ನಮ್ಮ ಕಡೆ ಹಗಲು ನಾಯಿ ಕಟ್ಟಿಹಾಕುತ್ತಾರೆ, ರಾತ್ರಿ ಬಿಡುತ್ತಾರೆ. ಮನೆ ಕಾಯಬೇಕು, ತೋಟ ಕಾಯಬೇಕು. ಕಟ್ಟಿಹಾಕಿದ ನಾಯಿ ಎಂದರೆ ನಮಗೆ ಪಾಪ ಅನ್ನಿಸುತ್ತದೆ. ರಾತ್ರಿಯಾದರೂ ಸ್ವಲ್ಪ ಓಡಾಡಿಕೊಂಡು ಬರಲಿ ಎನ್ನುವ ಮನಸ್ಸು ಎಲ್ಲಿಂದ ಬಂದಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ಕೀವಿ ಇರುವ ಊರಿನಲ್ಲಿ ಇದು ಪೂರ್ತಿ ಉಲ್ಟಾ ಆಗಬೇಕು. ಸಂಜೆ ಕತ್ತಲಾಗುವ ಮೊದಲೇ ನಾಯಿ ಮನೆಯೊಳಗೆ, ಗ್ಯಾರೇಜಿನಲ್ಲಿ ಅಥವಾ ಮುಚ್ಚಿದ ಗೂಡಿನಲ್ಲಿ ಇರಬೇಕು. ಹಗಲು ಹೊರಗೆ ಹೋದರೆ ಹಗ್ಗದಲ್ಲಿ. ರಾತ್ರಿ ಮೂತ್ರಕ್ಕೆ ಕರೆದುಕೊಂಡು ಹೋಗಬೇಕಾದರೂ ಹಗ್ಗ ಬಿಡಬಾರದು. ನಮ್ಮ ನಾಯಿ ಹೀಗೇ ಬೆಳೆದಿದೆ. ಅದಕ್ಕೇನೂ ಕಮ್ಮಿಯಾಗಿಲ್ಲ.

ಇಲ್ಲಿ ನಾಯಿಗಳಿಗೆ ಕೀವಿಯಿಂದ ದೂರ ಇರುವ ತರಬೇತಿ ಕೊಡುತ್ತಾರೆ. ಮಾಡಿಸಿ, ಒಳ್ಳೆಯದು. ಆದರೆ ಸರ್ಟಿಫಿಕೇಟ್ ಸಿಕ್ಕಿತು ಎಂದು ಹಗ್ಗ ಬಿಚ್ಚಬೇಡಿ. ಈ ತರಬೇತಿ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ ಎಂದು ಕೊಡುವವರೇ ಹೇಳುತ್ತಾರೆ. ಕಾನೂನೂ ಗೊತ್ತಿರಲಿ. 1996ರ ನಾಯಿ ನಿಯಂತ್ರಣ ಕಾಯ್ದೆಯ ಪ್ರಕಾರ ನಿಮ್ಮ ನಾಯಿ ಸಂರಕ್ಷಿತ ಪ್ರಾಣಿಯನ್ನು ಕೊಂದರೆ ನಿಮಗೆ 3 ವರ್ಷದವರೆಗೆ ಜೈಲು ಅಥವಾ 20,000 ಡಾಲರ್‌ವರೆಗೆ ದಂಡ ಆಗಬಹುದು. ನಾಯಿಯನ್ನು ಕೊಲ್ಲಿಸಲು ಕೋರ್ಟ್ ಆದೇಶ ಕೊಡಬಹುದು. ನಾಯಿಯ ಮೇಲಿನ ಪ್ರೀತಿಗಾದರೂ ಅದನ್ನು ಕಟ್ಟಿ.

ವೆಲ್ಲಿಂಗ್ಟನ್‌ನವರು ಇದು ಉತ್ತರದವರ ವಿಷಯ ಎಂದು ಪತ್ರ ಮಡಚಿಡಬೇಡಿ. 2022ರ ನವೆಂಬರ್‌ನಲ್ಲಿ ನಿಮ್ಮ ಪಕ್ಕದ ಮಕಾರಾ ಗುಡ್ಡಗಳಿಗೇ ಕೀವಿಗಳನ್ನು ತಂದು ಬಿಟ್ಟಿದ್ದಾರೆ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಆ ಗುಡ್ಡಗಳಲ್ಲಿ ಮತ್ತೆ ಕೀವಿ ಇವೆ. ಅಲ್ಲಿ ಬೇಲಿ ಇಲ್ಲ. ಕೀವಿ ನಡೆದುಕೊಂಡು ಎಲ್ಲಿಗೆ ಬೇಕಾದರೂ ಬರಬಹುದು. ಭಾನುವಾರ ಬೆಳಗ್ಗೆ ನಾಯಿ ಕರೆದುಕೊಂಡು ಗುಡ್ಡ ಹತ್ತುವವರು ನಮ್ಮವರಲ್ಲೂ ಬಹಳ ಜನ ಇದ್ದಾರೆ.

ನಾಯಿ ಇಲ್ಲದವರಿಗೂ ಒಂದು ಮಾತು ಇದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರಿಗೆ ಕೀವಿ ತೋರಿಸಬೇಕು ಎಂದು ಎಲ್ಲರಿಗೂ ಆಸೆ. ತೋರಿಸಿ. ಆದರೆ ರಾತ್ರಿ ಟಾರ್ಚ್ ಹಿಡಿದು ಕಾಡಿಗೆ ನುಗ್ಗಬೇಡಿ, ಮೊಬೈಲ್ ಫ್ಲ್ಯಾಶ್ ಹಾಕಬೇಡಿ. ಕೆಂಪು ಬೆಳಕಿನಲ್ಲಿ ತೋರಿಸುವ ಗೈಡ್‌ಗಳಿದ್ದಾರೆ. ಹಗಲಲ್ಲೂ ಕತ್ತಲು ಮಾಡಿ ಕೀವಿಗಳನ್ನು ಇಟ್ಟಿರುವ ಪ್ರದರ್ಶನ ಮನೆಗಳು ಹಲವು ಊರುಗಳಲ್ಲಿವೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಮಯಾಮಿ ಮೃಗಾಲಯದಲ್ಲಿ ಒಂದು ಕೀವಿಯನ್ನು ಜಗಮಗ ದೀಪದ ಕೆಳಗೆ ಕೂರಿಸಿ, ಬಂದವರೆಲ್ಲ ತಲೆ ಸವರುವ ವಿಡಿಯೋ ಹೊರಬಂತು. ಈ ದೇಶವೇ ಕೆರಳಿತು. ಮೃಗಾಲಯ ಕ್ಷಮೆ ಕೇಳಿ ಅದನ್ನು ನಿಲ್ಲಿಸಿತು. ಕತ್ತಲಲ್ಲಿ ಬದುಕುವ ಹಕ್ಕಿಗೆ ಬೆಳಕು, ಗಲಾಟೆ, ಕೈ ಎಲ್ಲವೂ ಹಿಂಸೆ. ಕೀವಿ ಬೋರ್ಡ್ ಇರುವ ರಸ್ತೆಯಲ್ಲಿ ರಾತ್ರಿ ಕಾರು ನಿಧಾನ ಮಾಡಿ. ಗುದ್ದಿ ಸಾಯುವ ಹಕ್ಕಿಗಳೂ ಕಡಿಮೆ ಇಲ್ಲ.

ಕೂಟಗಳ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಸ್ಪಷ್ಟವಾಗಿದೆ. ಕೂಟದ ಪಿಕ್ನಿಕ್, ಕ್ಯಾಂಪ್‌ಗಳಿಗೆ ಜಾಗ ಗೊತ್ತುಮಾಡುವಾಗ ಅಲ್ಲಿ ಕೀವಿ ಇವೆಯೇ ಎಂದು ಮೊದಲು ಕೇಳಿ. ಇದ್ದರೆ ನಾಯಿ ತರಬೇಡಿ ಎಂದು ಆಹ್ವಾನದಲ್ಲೇ ಬರೆಯಿರಿ. ಹೊಸದಾಗಿ ಈ ದೇಶಕ್ಕೆ ಬಂದವರಿಗೆ ಮನೆ, ಬ್ಯಾಂಕು, ಲೈಸೆನ್ಸ್ ಬಗ್ಗೆ ಹೇಳಿಕೊಡುತ್ತೀರಿ. ಅದರ ಜೊತೆಗೆ ಈ ನಾಲ್ಕು ಮಾತನ್ನೂ ಸೇರಿಸಿ. ರಜೆಗೆ ಮುಂಚೆ ನಿಮ್ಮ ವಾಟ್ಸಾಪ್ ಗುಂಪುಗಳಲ್ಲಿ ಕನ್ನಡದಲ್ಲೇ ಒಂದು ಸಂದೇಶ ಹಾಕಿ. ಇಂಗ್ಲಿಷಿನ ಬೋರ್ಡ್ ಓದದೆ ದಾಟಿಹೋಗುವ ನಮ್ಮ ಹಿರಿಯರು ಅದನ್ನು ಓದುತ್ತಾರೆ. ನಾಯಿಯನ್ನು ಹಿತ್ತಲಿಗೆ ಬಿಡುವವರೂ ಎಷ್ಟೋ ಮನೆಗಳಲ್ಲಿ ಅವರೇ.

ಕುಟುಂಬಗಳಲ್ಲಿ ನನ್ನ ಕೋರಿಕೆ: ಸಾಧ್ಯವಾದರೆ ಈ ರಜೆಗೆ ನಾಯಿಯನ್ನು ಸ್ನೇಹಿತರ ಮನೆಯಲ್ಲೋ, ನಾಯಿ ನೋಡಿಕೊಳ್ಳುವವರ ಹತ್ತಿರವೋ ಬಿಟ್ಟು ಬನ್ನಿ. ಕರೆತರಲೇಬೇಕು ಎಂದರೆ ಬೇಲಿ ಇರುವ ಮನೆ ನೋಡಿ, ಮನೆಯ ಮಾಲೀಕರನ್ನು ಕೀವಿ ಬಗ್ಗೆ ಕೇಳಿ, ರಾತ್ರಿ ಒಳಗೇ ಮಲಗಿಸಿ. ನಾಯಿ ತಪ್ಪಿಸಿಕೊಂಡರೆ ನಾಚಿಕೆಪಟ್ಟು ಸುಮ್ನೆ ಕೂರಬೇಡಿ, ತಕ್ಷಣ ಅಕ್ಕಪಕ್ಕದವರಿಗೆ ತಿಳಿಸಿ. ಗಾಯಗೊಂಡ ಅಥವಾ ಸತ್ತ ಕೀವಿ ಕಂಡರೆ, ಅದು ನಿಮ್ಮ ನಾಯಿಯಿಂದಲೇ ಆಗಿದ್ದರೂ, ಸಂರಕ್ಷಣಾ ಇಲಾಖೆಯ 0800 362 468ಕ್ಕೆ ಫೋನ್ ಮಾಡಿ. ರಾತ್ರಿಯೂ ಎತ್ತುತ್ತಾರೆ. ಬೇಗ ಗೊತ್ತಾದರೆ ಕೆಲವೊಮ್ಮೆ ಬಿಲದಲ್ಲಿರುವ ಮೊಟ್ಟೆಗಳನ್ನಾದರೂ ಉಳಿಸಬಹುದು.

ನವೆಂಬರ್‌ನಲ್ಲಿ ಎಲ್ಲ ಕೂಟಗಳೂ ರಾಜ್ಯೋತ್ಸವ ಮಾಡುತ್ತೀರಿ. ರಜೆ ಶುರುವಾಗುವ ಸ್ವಲ್ಪ ಮುಂಚೆ ಎಲ್ಲ ಕುಟುಂಬಗಳೂ ಒಂದೇ ಕಡೆ ಸೇರುವುದು ಆಗ ಮಾತ್ರ. ಈ ವರ್ಷದ ಕಾರ್ಯಕ್ರಮದಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಕೊಡಿ. ನಾರ್ತ್‌ಲ್ಯಾಂಡಿನಿಂದ ಬಂದು ಕನ್ನಡದಲ್ಲಿ ಹೇಳಲು ನಾನು ತಯಾರಿದ್ದೇನೆ. ಕೀವಿಯ ಕೂಗಿನ ರೆಕಾರ್ಡಿಂಗ್ ಕೂಡ ತರುತ್ತೇನೆ, ಮಕ್ಕಳು ಕೇಳಲಿ. ದಿನ ಮತ್ತು ಸಮಯ ತಿಳಿಸಿ.

ಇತಿ ನಿಮ್ಮ ವಿಶ್ವಾಸಿ,
ನಾರ್ತ್‌ಲ್ಯಾಂಡಿನ ಒಬ್ಬ ಕನ್ನಡತಿ